ಒಂದೇ ನಂಬರಿನ ಕೂಡು ಕುಟುಂಬ

ನಮ್ಮಪ್ಪ ಮೂವತ್ತು ವರ್ಷದಿಂದ ಮರಾಠಿ ನಾಡಿನ ಸಂಭಾಜಿನಗರದ ಧಾನ್ಯಪೇಟೆ ಮೋಂಢಾದಲ್ಲಿ ತೊಗರಿಬೇಳೆ ಮಾರುತ್ತಿದ್ದಾರೆ. ಈ ಮೂವತ್ತು ವರ್ಷದಲ್ಲಿ ಒಂದು ಚೀಲದ ಬಾಯನ್ನೂ ಅವರು ನಂಬಿದ್ದಿಲ್ಲ. ಮಾಲು ಬಂದರೆ ಚೂಪು ತುದಿಯ ಕಬ್ಬಿಣದ ಕೊಳವೆಯನ್ನು ಚೀಲದ ಬುಡಕ್ಕೇ ಚುಚ್ಚುತ್ತಾರೆ. ಅದರೊಳಗಿಂದ ಉರುಳಿ ಬಂದ ಕಾಳನ್ನು ಅಂಗೈಯಲ್ಲಿ ಹಿಡಿದು ಮೂಸಿ, ಒಂದನ್ನು ಕಡಿದು, ಆಮೇಲೆ ಮಾರುವವನ ಮುಖ ನೋಡುತ್ತಾರೆ. ಆ ನೋಟ ಹೇಗಿರುತ್ತದೆಂದರೆ, ಒಳ್ಳೆಯ ಮಾಲು ತಂದವನೂ ತಾನು ಏನೋ ತಪ್ಪು ಮಾಡಿದ್ದೇನೆ ಅಂದುಕೊಂಡು ಬೆವರುತ್ತಾನೆ. ಇಂಥವರ ಮುಂದೆ ನಿಂತು ನಾನು, ‘ನನಗೊಂದು ಕಂಪ್ಯೂಟರ್ ಬೇಕು’ ಎಂದೆ.

ಬೇಕಾದದ್ದು ನನ್ನ ಗಂಟಲಿನ ಸಲುವಾಗಿ. ನಾನು ಚಿಕ್ಕಂದಿನಿಂದ ಕಂಡವರ ದನಿಯನ್ನೆಲ್ಲ ಕದಿಯುವವನು. ಬಸ್ ಕಂಡಕ್ಟರ್, ಗಣಿತದ ಮಾಸ್ತರು, ನನ್ನನ್ನು ಬೈಯುವ ನನ್ನ ಅವ್ವ, ಬೈಸಿಕೊಂಡು ಮುಖ ಗಂಟು ಹಾಕುವ ನಾನು, ಯಾರನ್ನೂ ಬಿಟ್ಟವನಲ್ಲ. ಮಕ್ಕಳ ಕಥೆಗಳನ್ನು ಕೇಳಿಸುವ ಒಂದು ಕಂಪನಿಯವರು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿ, ಹತ್ತು ಕಥೆ ಮಾಡಿಕೊಡಿ ಅಂದಿದ್ದರು. ರಾಜ, ನರಿ, ಮುದುಕಿ, ಮೊಸಳೆ, ಎಲ್ಲ ನಾನೇ. ಆದರೆ ಫೋನಿನ ರೆಕಾರ್ಡಿಂಗಿನಲ್ಲಿ ಹಿಂದೆ ಸೊಂಯ್ ಅನ್ನುತ್ತದೆ, ಕಂಪ್ಯೂಟರಿನಲ್ಲಿ ಮಾಡಿ, ತಿದ್ದಿ, ತಿಂಗಳ ಕೊನೆಯೊಳಗೆ ಮೊದಲ ಕಥೆ ಕಳಿಸಿ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂಬ ಷರತ್ತೂ ಇತ್ತು.

ಅಪ್ಪನೂ ಒಂದು ಷರತ್ತು ಹಾಕಿದರು. “ನೀನೇ ಹುಡುಕು, ನೀನೇ ಆರಿಸು. ರೊಕ್ಕ ನಾ ಕೊಡ್ತೀನಿ. ಮೋಸ ಹೋದಿ ಅಂದ್ರ, ನರಿ ಮೊಸಳಿ ಎಲ್ಲಾ ಬಿಟ್ಟು ಸುಮ್ನ ಬಂದು ಅಂಗಡ್ಯಾಗ ಕೂಡು.”

ಅಂಗಡಿಯಲ್ಲಿ ಕೂತರೆ ದಿನಕ್ಕೆ ಒಂದೇ ಪಾತ್ರ. ಅದೂ ಅಪ್ಪನದು.

ನಾಶಿಕದಲ್ಲಿರುವ ಅಕ್ಕ ಒಂದು ಅಂಗಡಿ ಹೇಳಿದಳು. ಕಾಲೇಜ್ ರೋಡಿನ ಹತ್ತಿರ, ಒಂದು ಕಾಂಪ್ಲೆಕ್ಸಿನ ಮೊದಲ ಮಹಡಿಯಲ್ಲಿ. ನಮ್ಮ ಕೆಲಸಕ್ಕೆ ಏನು ಬೇಕೋ ಕೇಳಿ, ಬಿಡಿಭಾಗಗಳನ್ನು ಆರಿಸಿ, ಜೋಡಿಸಿ ಕೊಡುತ್ತಾರಂತೆ. ನನಗೆ ಸಂಶಯ ಅಲ್ಲಿಂದಲೇ ಶುರುವಾಯಿತು. ಕಂಪನಿಯವರು ಮುಚ್ಚಿ ಕಳಿಸಿದ ಡಬ್ಬಿಯಾದರೆ ಮೋಸ ಒಂದೇ ಸಲ. ಇಲ್ಲಿ ಎಂಟು ಭಾಗ, ಎಂಟು ಮೋಸ. ಹಳೆಯ ಭಾಗ ಒರೆಸಿ ಹೊಸ ಡಬ್ಬಿಗೆ ಹಾಕುವುದು ಹೇಗೆ, ಒಂದನ್ನು ತೋರಿಸಿ ಇನ್ನೊಂದನ್ನು ಕೂರಿಸುವುದು ಹೇಗೆ ಎಂಬ ವೀಡಿಯೋಗಳನ್ನು ಎರಡು ದಿನ ನೋಡಿದೆ. ಮೂರನೆಯ ದಿನ ನನ್ನ ಚಾರ್ಜರಿನ ಮೇಲೂ ಸಂಶಯ ಬಂತು.

ಹಾಗಾಗಿ ನಾನೂ ಚೀಲದ ಬುಡಕ್ಕೆ ಚುಚ್ಚಿ ನೋಡುವುದೆಂದು ತೀರ್ಮಾನಿಸಿದೆ. ಅಪ್ಪನ ಹತ್ತಿರ ಕಬ್ಬಿಣದ ಕೊಳವೆ ಇದ್ದರೆ ನನ್ನ ಹತ್ತಿರ ಗಂಟಲಿತ್ತು. ಒಂದೇ ಅಂಗಡಿಗೆ ಐದು ಜನರಾಗಿ ಫೋನ್ ಮಾಡಿದರೆ, ಐದು ಜನಕ್ಕೂ ಒಂದೇ ಮಾತು ಹೇಳುತ್ತಾರೋ ಇಲ್ಲವೋ ಗೊತ್ತಾಗುತ್ತದಲ್ಲ?

ಮೊದಲು ಚಿಕಲಠಾಣಾದ ಗೇಮ್ ಆಡುವ ಹುಡುಗನಾದೆ, ಎರಡು ಮಾತಿಗೊಮ್ಮೆ ‘ಭಾವು’, ಅಂದರೆ ಅಣ್ಣಾ, ಅನ್ನುವವನು. ಆಮೇಲೆ ಪ್ರತಿ ಶಬ್ದವನ್ನೂ ಇಸ್ತ್ರಿ ಮಾಡಿ ಆಡುವ ಒಬ್ಬ ಪ್ರೊಫೆಸರ್. ಮೂರನೆಯವರು ಪಿಂಪಳಗಾಂವ್ ಬಸವಂತದ ಹೈವೇ ಮೇಲಿನ ಹೋಟೆಲಿನ ಮ್ಯಾನೇಜರು. ಕರಾವಳಿಯವರು, ಮರಾಠಿಯ ನಡುವೆ ‘ಮಾರಾಯ್ರೇ’ ಜಾರಿಬಿಡುತ್ತದೆ. ನಾಲ್ಕನೆಯದು ಅವ್ವನ ದನಿ. ಐದನೆಯದಕ್ಕೆ ಯಾರೂ ಉಳಿಯದೆ ನಮ್ಮ ಅಜ್ಜನನ್ನು ಹೊರಗೆ ತೆಗೆದೆ. ಅಪ್ಪನ ಅಪ್ಪ. ತೀರಿಕೊಂಡು ನಾಲ್ಕು ವರ್ಷ. ಆಳಂದದ ಕಡೆಯಿಂದ ಬಂದು ಮೋಂಢಾದಲ್ಲಿ ಅಂಗಡಿ ಹಾಕಿದವರು, ಯಾರು ಏನು ಹೇಳಿದರೂ “ಖರೇ? ಖರೇನ? ಖರೇನೇ ಖರೇ?” ಎಂದು ಮೂರು ಸಲ ಕೇಳದೆ ಬಿಡದವರು. ಅವರ ಮರಾಠಿಯಲ್ಲೂ ಆ ಮೂರು ಮಾತು ಮಾತ್ರ ಕನ್ನಡದಲ್ಲೇ ಬರುತ್ತಿದ್ದವು.

ಐದೂ ಸಲ ಫೋನ್ ಎತ್ತಿದ್ದು ಒಂದು ಹೆಣ್ಣು ದನಿ. ಐದೂ ಸಲ ನಾನು, “ಮಾಲಕರಿಗೆ ಕೊಡಿ” ಅಂದೆ. ಐದೂ ಸಲ ಆಕೆ, “ಹೇಳಿ, ಏನು ಬೇಕು?” ಅಂದಳು.

ಐದು ಬೆಲೆ ಬಂದವು. ಒಂದಕ್ಕೊಂದು ಸಂಬಂಧವೇ ಇಲ್ಲ. ಬೇಳೆಯ ಬಿಲ್ಲಿನ ಹಿಂದೆ ಬರೆದು ಅಪ್ಪನ ಮುಂದೆ ಹಿಡಿದೆ. ಕನ್ನಡಕ ಏರಿಸಿ ಓದಿದರು. ಅವರ ಮುಖ ಅರಳಿದ್ದನ್ನು ನಾನು ಅಷ್ಟಾಗಿ ಕಂಡಿರಲಿಲ್ಲ. ನಾನು ಪರೀಕ್ಷೆ ಪಾಸಾದಾಗಲೂ ಇಷ್ಟು ಅರಳಿರಲಿಲ್ಲ.

“ಐದು ಮಂದಿಗಿ ಐದು ರೇಟ್! ಸಿಕ್ಕ ನೋಡು ಕಳ್ಳ. ಇವೆಲ್ಲಾ ಯಾರ ಕಡಿಂದ ಕೇಳ್ಸಿದಿ?”

“ಗೆಳ್ಯಾರ ಕಡಿಂದರಿ,” ಅಂದೆ.

“ಶಾಣ್ಯಾ ಇದಿ. ನಡಿ, ಅವನ ಮಾರಿ ನೋಡೂನು. ಐದ್ರಾಗ ಕಡಿಮಿ ಯಾವುದದೋ ಅದಕ್ಕ ಕುಂದರಸ್ತೀನಿ.”

ತಿಂಗಳು ಮುಗಿಯಲು ಒಂಬತ್ತು ದಿನ ಇತ್ತು. ಕಳ್ಳನಾದರೂ ಸರಿ, ಕಂಪ್ಯೂಟರ್ ಸಿಕ್ಕರೆ ಸಾಕು ಎಂಬ ಸ್ಥಿತಿಯಲ್ಲಿ ನಾನಿದ್ದೆ. ಬೆಳಗಿನ ಬಸ್ಸು ಹತ್ತಿದೆವು. ವೈಜಾಪುರ, ಯೇವಲಾ, ನಿಫಾಡ. ದಾರಿಯುದ್ದಕ್ಕೂ ಅಪ್ಪ ಕಂಡಕ್ಟರ್ ಕೊಟ್ಟ ಚಿಲ್ಲರೆಯಿಂದ ಹಿಡಿದು ಯೇವಲಾದ ಚಹಾದವರೆಗೆ ಎಲ್ಲವನ್ನೂ ಸಂಶಯಿಸಿ ಕೈ ಪಳಗಿಸಿಕೊಂಡರು.

ಅಂಗಡಿ ಚಿಕ್ಕದು. ಗೋಡೆಗೆ ತಾಗಿ ಡಬ್ಬಿಗಳ ಸಾಲು, ನಡುವೆ ಉದ್ದನೆಯ ಮೇಜು, ಅದರ ಹಿಂದೆ ಮೂವತ್ತು ಮೂವತ್ತೈದರ ಒಬ್ಬ ಹೆಂಗಸು, ಕೈಯಲ್ಲಿ ಸ್ಕ್ರೂಡ್ರೈವರ್. ನಾನು ಮತ್ತೆ ಅದೇ ತಪ್ಪು ಮಾಡಿದೆ. “ಮಾಲಕರು ಇಲ್ಲವಾ?” ಅಂದೆ.

“ನಾನೇ,” ಅಂದಳು. ಅದೇ ದನಿ.

ಅಲ್ಲಿಂದ ಮುಂದಿನ ಮಾತೆಲ್ಲ ನಡೆದದ್ದು ಮರಾಠಿಯಲ್ಲಿ. ಆಕೆಯನ್ನು ನಮ್ಮ ಮನೆಯ ಕನ್ನಡದಲ್ಲಿ ಮಾತಾಡಿಸುತ್ತಿದ್ದೇನೆ. ಕದಿಯುವವನಿಗೆ ಇಷ್ಟು ಸ್ವಾತಂತ್ರ್ಯ ಇರಲಿ.

ಹೊಸ ಗಿರಾಕಿ ಎಂದು ಫೋನ್ ನಂಬರ್ ಕೇಳಿದಳು. ಹೇಳಿದೆ. ತನ್ನ ಫೋನಿನಲ್ಲಿ ಒತ್ತಿದವಳು ಒಮ್ಮೆಲೇ ಎದ್ದು ನಿಂತು, ಅಪ್ಪನಿಗೆ ಕುರ್ಚಿ ಎಳೆದಳು.

“ಅಯ್ಯ, ನೀವೇನ್ರಿ! ಕೂಡ್ರಿ ಕಾಕಾ, ಕೂಡ್ರಿ. ಅಜ್ಜಾರು ಬರ್ಲಿಲ್ಲ? ಕಣ್ಣಿನ ಆಪರೇಶನ್ ಆಯ್ತು?”

ಫೋನನ್ನು ನಮ್ಮ ಕಡೆ ತಿರುಗಿಸಿದಳು. ನನ್ನ ನಂಬರನ್ನು ‘ಸಂಭಾಜಿನಗರ ಜಾಯಿಂಟ್ ಫ್ಯಾಮಿಲಿ’ ಎಂದು ಸೇವ್ ಮಾಡಿಕೊಂಡಿದ್ದಳು.

ಐದು ಜನರ ದನಿ, ಉಸಿರು, ಗೊರಕೆಯವರೆಗೆ ಎಲ್ಲ ಬದಲಿಸಿದ ನಾನು, ಫೋನ್ ಒಂದೇ ಎಂಬುದನ್ನು ಮರೆತಿದ್ದೆ. ಆಕೆ ಪಾಪ, ಇಷ್ಟು ದೊಡ್ಡ ಮನೆ, ಎಲ್ಲರಿಗೂ ಸೇರಿ ಒಂದೇ ಫೋನು, ಒಬ್ಬರಾದ ಮೇಲೆ ಒಬ್ಬರು ಕಂಪ್ಯೂಟರ್ ಕೇಳುತ್ತಿದ್ದಾರೆ, ಮನೆಯಲ್ಲಿ ಇನ್ನೂ ಒಮ್ಮತ ಆಗಿಲ್ಲ ಅಂದುಕೊಂಡಿದ್ದಳು.

“ಯಾವ ಅಜ್ಜ?” ಅಂದರು ಅಪ್ಪ.

“ನಿಮ್ಮ ತಂದಿಯವರೇ ಇರಬೇಕಲ್ರಿ. ಅರ್ಧಾ ತಾಸು ಮಾತಾಡಿದ್ರು. ಎಲ್ಲಾದಕ್ಕೂ ಮೂರ ಮೂರ ಸಲ ‘ಖರೇ ಖರೇ’ ಅಂತ ಏನೋ ಕೇಳ್ತಾರಲ್ಲ, ಅವರು.”

ಅಪ್ಪ ಮೆಲ್ಲಗೆ ನನ್ನ ಕಡೆ ತಿರುಗಿದರು. ಚೀಲ ಮಾರಲು ಬಂದವರೆಲ್ಲ ಯಾಕೆ ಬೆವರುತ್ತಾರೆ ಎಂದು ನನಗೆ ಅವತ್ತು ಗೊತ್ತಾಯಿತು.

ನಿಂತಲ್ಲೇ ಎಲ್ಲ ಒಪ್ಪಿಕೊಂಡೆ. ಆಕೆ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟು, “ನಿಮ್ಮನ್ನ ಯಾವ ಅಂಗಡಿಯವರು ಕಳಿಸ್ಯಾರ?” ಅಂದಳು. ಹಿಂದೊಮ್ಮೆ ಯಾರೋ ಹೀಗೇ ಸುಳ್ಳು ಗಿರಾಕಿಗಳನ್ನು ಬಿಟ್ಟು, ರೇಟು ತಿಳಿದುಕೊಂಡು, ಅವಳಿಂದ ಮಾಲು ತರಿಸಿ, ಒಯ್ಯದೆ ಕೈಕೊಟ್ಟಿದ್ದರಂತೆ. “ಬ್ಯಾರೆ ಮಂದಿ ಆಗಿದ್ರ ಅರ್ಧಾ ಕೊಡ್ರಿ ಅಂತಿದ್ದೆ. ನಿಮ್ಮ ಕುಟುಂಬಕ್ಕ ಹಂಗಿಲ್ಲ. ಪೂರ್ತಿ ರೊಕ್ಕ ಇಡ್ರಿ, ಆಮ್ಯಾಲ ಡಬ್ಬಿ ಮುಟ್ತೀನಿ.”

“ಮಾಲ್ ನೋಡಲಾರ್ದ ಪೂರ್ತಿ ರೊಕ್ಕ?” ಅಪ್ಪ ಕೂತಲ್ಲೇ ನೆಟ್ಟಗಾದರು. “ಮೋಂಢಾದಾಗ ಹಿಂಗ ಕೇಳಿದವಂಗ ನೀರ್ ಸೈತ ಕೊಡಲ್ಲ ನಾವು. ಮೊದ್ಲ ಇದಕ್ಕ ಜವಾಬ್ ಹೇಳು ತಾಯಿ. ಐದು ಮಂದಿಗಿ ಐದು ರೇಟ್ ಯಾಕ?” ಎಂದು ಬೇಳೆಯ ಬಿಲ್ಲು ಬಿಡಿಸಿ ಮೇಜಿನ ಮೇಲೆ ಹರಡಿದರು.

ಆಕೆ ಒಂದು ನೋಟ್‌ಬುಕ್ ತೆಗೆದು ಅದರ ಪಕ್ಕದಲ್ಲೇ ಇಟ್ಟಳು. ಫೋನ್ ಬಂದವರೆಲ್ಲ ಏನು ಕೇಳಿದರು ಎಂದು ಬರೆದಿಟ್ಟಿದ್ದಳು. ಹುಡುಗ: ಬಣ್ಣದ ಲೈಟು ಬೇಕು, ಗಾಜಿನ ಬಾಗಿಲು ಬೇಕು. ಪ್ರೊಫೆಸರ್: ಎರಡು ಪರದೆ. ಮ್ಯಾನೇಜರ್: ಬಿಲ್ಲು ಹರಿಯುವ ಪ್ರಿಂಟರ್ ಸೇರಿಸಿ. ಕಾಕು, ಅಂದರೆ ನನ್ನ ಅವ್ವನ ದನಿ: ಮಕ್ಕಳ ಕ್ಲಾಸಿಗೆ, ಗಟ್ಟಿಯಾಗಿದ್ದರೆ ಸಾಕು.

ನಾನು ಒಬ್ಬನ ದನಿಗಿಳಿದರೆ ಅವನ ಆಸೆಗೂ ಇಳಿದುಬಿಡುತ್ತೇನೆ. ಲೈಟು ಕೇಳಿದವನು ನಾನೇ, ಪ್ರಿಂಟರ್ ಕೇಳಿದವನೂ ನಾನೇ. ಐದು ಬೇರೆ ಬೇರೆ ಮಷೀನಿಗೆ ಐದು ರೇಟು ಹೇಳಿದ್ದಕ್ಕೆ ಆಕೆಯನ್ನು ಕಳ್ಳಿ ಮಾಡಿ, ಇನ್ನೂರು ಕಿಲೋಮೀಟರ್ ಅಪ್ಪನನ್ನು ಕರೆತಂದವನೂ ನಾನೇ.

ಕೊನೆಯ ಸಾಲಿನ ಮೇಲೆ ಅಪ್ಪ ಬೆರಳಿಟ್ಟರು. ಅಜ್ಜ: ಸಂಜೆ ಹೊತ್ತು ಭಜನೆ ಕೇಳಲು. ಮುಂದೆ ಮೊದಲು ಬರೆದ ಒಂದು ರೇಟು, ಅದಕ್ಕೆ ಅಡ್ಡಗೆರೆ, ಕೆಳಗೆ ‘ಬೇಡ ಅಂತ ಹೇಳಿದೆ. ಮನೆಯ ಹಳೇ ಫೋನ್ ಸಾಕು.’

“ಬ್ಯಾಡ ಅಂತ ಯಾಕ ಹೇಳಿದಿ?”

“ಅಷ್ಟಕ್ಕ ಕಂಪ್ಯೂಟರ್ ಯಾಕ ಬೇಕ್ರಿ ಕಾಕಾ?”

ನಾನು ಬಿಲ್ಲಿನ ಹಿಂದೆ ಅಡ್ಡಗೆರೆಗೆ ಮುಂಚಿನ ರೇಟು ಮಾತ್ರ ಬರೆದುಕೊಂಡಿದ್ದೆ. ಆಮೇಲಿನದು ನನ್ನ ಸಂಶಯಕ್ಕೆ ಉಪಯೋಗವಿರಲಿಲ್ಲ. ಅಪ್ಪ ಆ ಸಾಲನ್ನು ಎರಡು ಸಲ ಓದಿದರು. ಬಿಲ್ಲು ಮಡಚಿ ಕಿಸೆಗೆ ಹಾಕಿಕೊಂಡರು.

“ಐದು ಮಂದಿ ಫೋನ್ ಮಾಡೀರಿ,” ಅಂದಳು ಆಕೆ ನನಗೆ. “ಕಂಪ್ಯೂಟರ್ ಬೇಕಾದಾವ ಮಾತ್ರ ಮಾಡಿಲ್ಲ. ಈಗ ನಿಮ್ಮ ದನಿಯಾಗ ಹೇಳ್ರಿ. ಏನ್ ಬೇಕು?”

ಬಾಯಿ ತೆರೆದೆ. ಪ್ರೊಫೆಸರ್ ಬಂದರು.

“ಇದಲ್ಲ,” ಅಂದರು ಅಪ್ಪ.

ಇನ್ನೊಮ್ಮೆ ತೆರೆದೆ. ಹೋಟೆಲ್ ಮ್ಯಾನೇಜರು.

“ಇದೂ ಅಲ್ಲ.”

ಮೂರನೆಯ ಸಲ ಬಂದದ್ದು ತೆಳ್ಳಗೆ, ನಡುಗುವ, ಯಾವ ಕಥೆಗೂ ಹೊಂದದ ಒಂದು ದನಿ. ಕಥೆ ಹೇಳಿ ರೆಕಾರ್ಡ್ ಮಾಡಬೇಕು, ಫ್ಯಾನಿನ ಸದ್ದು ಕೇಳಿಸಬಾರದು, ಇದು ತಪ್ಪಿದರೆ ನಾನು ಬೇಳೆ ಅಂಗಡಿಗೆ ಹೋಗಿ ಕೂಡಬೇಕು ಅಂದೆ. ಆಕೆ ಮೊದಲ ಸಲ ನಕ್ಕಳು. ಲೈಟಿನ ಮಷೀನು ತಗೊಂಡಿದ್ದರೆ ಹಿಟ್ಟಿನ ಗಿರಣಿಯಲ್ಲಿ ಕೂತು ಕಥೆ ಹೇಳಿದ ಹಾಗೆ ಆಗುತ್ತಿತ್ತು, ನಿಮಗೆ ಬೇಕಾದದ್ದು ನಿಧಾನ ತಿರುಗುವ ದೊಡ್ಡ ಫ್ಯಾನು ಅಂದಳು.

ಅಪ್ಪ ಮೋಂಢಾದ ರೀತಿಯಲ್ಲಿ ದಾರಿ ತೆಗೆದರು. ಅರ್ಧ ರೊಕ್ಕ ಈಗ, ಅರ್ಧ ಮಾಲು ಒಯ್ಯುವಾಗ. ಆದರೆ ಡಬ್ಬಿಯ ಸೀಲು ಒಡೆಯುವುದೂ ನಮ್ಮ ಮುಂದೆ, ಜೋಡಿಸುವುದೂ ನಮ್ಮ ಮುಂದೆ. ಆಕೆ ಒಪ್ಪಿದಳು. “ಕೂತು ನೋಡ್ರಿ. ಬೆರಳು ಮಾತ್ರ ಹಚ್ಚಬ್ಯಾಡ್ರಿ.”

ಕನ್ನಡಕ ತೆಗೆಯಲು ಅಪ್ಪ ಚೀಲಕ್ಕೆ ಕೈ ಹಾಕಿದರೆ, ಮೊದಲು ಹೊರಬಂದದ್ದು ಚೂಪು ತುದಿಯ ಕೊಳವೆ.

“ಅದೇನ್ರಿ?” ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

“ಏನಿಲ್ಲ ತಾಯಿ. ಖರೀದಿಗಿ ಹೊಂಟ್ರ ಸಂಗಡ ಇರ್ತದ.”

ಚುಚ್ಚಲು ಅಲ್ಲೇನೂ ಇರಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡೇ ಮೂರು ತಾಸು ಕೂತರು. ಡಬ್ಬಿಯ ಮೇಲಿನ ನಂಬರು ಅವರು ಓದುವುದು, ಭಾಗದ ಮೇಲಿನ ನಂಬರು ನಾನು ಓದುವುದು, ಎರಡೂ ಕೂಡಿದರೆ ಆಕೆ ಬಿಲ್ಲಿಗೆ ಬರೆಯುವುದು. ಒಂದು ಚಿಪ್‌ನ ಮೇಲೆ ಬೂದು ಬಣ್ಣದ ಲೇಪ ಹಚ್ಚಿದಾಗ ಅಪ್ಪ ಮೂಸಿ ನೋಡಬೇಕೆಂದು ಹಠ ಹಿಡಿದರು. ಮೂಸಿದರು. ಮಾಲಿನ ಬಗ್ಗೆ ಅಭಿಪ್ರಾಯ ಹೇಳಲಿಲ್ಲ.

ಕೊನೆಗೆ ಒಂದು ಮೈಕ್ ಸಿಕ್ಕಿಸಿ, “ಮಾತಾಡ್ರಿ, ಫ್ಯಾನ್ ಕೇಳಿಸ್ತದೇನು ನೋಡೂನು,” ಅಂದಳು. ನನ್ನ ದನಿಯಲ್ಲಿ ಹೇಳುವಂಥದ್ದು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಅಜ್ಜನಾದೆ. “ಯವ್ವಾ, ಈ ಡಬ್ಬಿ ಮಾತಾಡ್ತದಂತ. ಖರೇ? ಖರೇನ? ಖರೇನೇ ಖರೇ?” ಅಂದು, ಅವರ ಹಾಗೆ ಕೆಮ್ಮಿ ನಿಲ್ಲಿಸಿದೆ.

ಆಕೆ ಅದನ್ನು ಕೇಳಿಸಿದಳು. ಅಪ್ಪ ಸ್ಪೀಕರಿಗೆ ಕಿವಿ ಹತ್ತಿರ ಒಯ್ದರು.

“ಸದ್ದು ಅದ ಏನ್ರಿ ಕಾಕಾ?”

“ತಡಿ. ಇನ್ನೊಮ್ಮಿ ಹಚ್ಚು.”

ಹಚ್ಚಿದಳು.

“ಇನ್ನೊಮ್ಮಿ.”

ಐದನೆಯ ಸಲಕ್ಕೆ ಕೊಳವೆಯನ್ನು ಚೀಲದೊಳಗೆ ಹಾಕಿ ಎದ್ದರು. “ಸದ್ದಿಲ್ಲ. ಕಟ್ಟು ತಾಯಿ.”

ಬಸ್ಸಿನಲ್ಲಿ ಅಪ್ಪ ಡಬ್ಬಿಯನ್ನು ಮೇಲೆ ಇಡಲು ಬಿಡಲಿಲ್ಲ. ಕಂಡಕ್ಟರನ ಮೇಲೆ ಅವರಿಗೆ ಬೆಳಗಿನಿಂದ ಸಂಶಯವಿತ್ತು, ಇವನು ಬೇರೆ ಕಂಡಕ್ಟರ್ ಎಂದು ಹೇಳಿದರೂ ಕೇಳಲಿಲ್ಲ. ತೊಡೆಯ ಮೇಲೆ ಅಪ್ಪಿಕೊಂಡು ಕೂತಿದ್ದರು. ನಿಫಾಡ ದಾಟಿತು. ಯೇವಲಾ ಬಂತು. ಅಜ್ಜನನ್ನು ಹೇಳದೆ ಕೇಳದೆ ಬಳಸಿಕೊಂಡದ್ದಕ್ಕೆ ಈಗ ಬೈಗುಳ ಬರುತ್ತದೆ ಎಂದು ನಾನು ಕಾಯುತ್ತಿದ್ದೆ.

“ಆ ಮಾಲಿನಾಗ ಕಲಬೆರಕೆ ಅದ,” ಅಂದರು.

ನಾನು ಡಬ್ಬಿಯ ಕಡೆ ಬಗ್ಗಿದೆ. “ಯಾವ ಭಾಗರಿ? ನಂಬರ್ ಎಲ್ಲಾ ಕೂಡಿದ್ವಲ್ಲ!”

“ಡಬ್ಬಿ ಅಲ್ಲೋ. ಕೊನಿಗಿ ಕೆಮ್ಮಿದಿ ನೋಡು, ಅದು ಅಪ್ಪಂದಲ್ಲ. ನಿಂದು ಬೆರೆಸಿದಿ.”

“ಹಂಗಾರ ಅವರದು ಹ್ಯಾಂಗ ಇತ್ತರಿ?”

ಅಪ್ಪ ಆಚೆ ಈಚೆ ನೋಡಿದರು. ಡಬ್ಬಿಯನ್ನು ಒಂದು ಕೈಯಲ್ಲಿ ಭದ್ರ ಹಿಡಿದು, ಇನ್ನೊಂದು ಕೈ ಎದೆಯ ಮೇಲಿಟ್ಟು, ಗದ್ದ ಮೇಲೆತ್ತಿ ಕೆಮ್ಮಿದರು. ಮೊದಲು ಎರಡು ಸಣ್ಣದು, ನಡುವೆ ಒಂದು ಉಸಿರು, ಆಮೇಲೆ ಎದೆಯ ತಳದಿಂದ ಬಂದ ದೊಡ್ಡದೊಂದು. ಥೇಟ್ ಅಜ್ಜ.

ಮುಂದಿನ ಸೀಟಿನ ಹೆಂಗಸು ಗಾಬರಿಯಿಂದ ತಿರುಗಿ, “ಬಾಬಾ, ಪಾಣಿ ಘ್ಯಾ,” ಎಂದು ನೀರಿನ ಬಾಟಲಿ ಚಾಚಿದಳು. ಅಪ್ಪ ಬಾಟಲಿಯ ಮುಚ್ಚಳವನ್ನು ಒಮ್ಮೆ ತಿರುಗಿಸಿ ನೋಡಿ, ಕುಡಿದರು.