ಆಲಿಕಲ್ಲಿಗೂ ಜಗ್ಗದ ಅಡುಗೆಮನೆ

ಹಿತ್ತಿಲ ಒಲೆಯ ಮೇಲಿನ ಶೀಟನ್ನು ತೂತು ಮಾಡಿಕೊಂಡು ಬಂದ ಮೊದಲ ಕಲ್ಲು ಬಿದ್ದದ್ದು ನೇರ ನನ್ನ ಬಂಗಡೆ ಮೀನಿನ ಸಾರಿನೊಳಗೆ. ಯಾರೋ ಬೇಕೆಂದೇ ಎಸೆದರೆಂದುಕೊಂಡು "ಯಾರದು?" ಎಂದು ಕೂಗಿದೆ. ಅಷ್ಟರಲ್ಲಿ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲುಗಳು ಹಿತ್ತಿಲ ತುಂಬ ಸುರಿಯತೊಡಗಿದವು. ಗಾಜಿನ ಗ್ಯಾಸ್ ಒಲೆ ಫಟ್ಟೆಂದು ಒಡೆಯಿತು. ಮನೆಯ ಒಡತಿ ಮುನಿರತ್ನಮ್ಮ ಒನಕೆ ತಂದು ಅಂಗಳಕ್ಕೆ ಎಸೆದರು. ಹಾಗೆ ಎಸೆದರೆ ಆಲಿಕಲ್ಲು ನಿಲ್ಲುತ್ತದೆಂದು ಅವರ ಮನೆಯ ನಂಬಿಕೆ. ನಿಲ್ಲಲಿಲ್ಲ. ಕೊನೆಗೆ ತಲೆಯ ಮೇಲೆ ಮೊರ ಹಿಡಿದುಕೊಂಡು ಬಂದು ನನ್ನ ರಟ್ಟೆ ಹಿಡಿದೆಳೆದರು.

"ಪಾತ್ರೆ ಅಲ್ಲೇ ಇರ್ಲಿ ಶೈಲಾ, ನೀನ್ ಬಾ ಒಳಕ್ಕೆ!"

ಅಂಥ ಹೊತ್ತಿನಲ್ಲೂ ಮೀನಿನ ಪಾತ್ರೆಗೆ ಒಳಗೆ ಜಾಗವಿರಲಿಲ್ಲ ನೋಡಿ.

ಕುಮಟೆಯವಳಾದ ನಾನು ಮಳೆಯ ವಿಷಯದಲ್ಲಿ ಯಾರಿಂದಲೂ ಪಾಠ ಕಲಿಯಬೇಕಿಲ್ಲ ಎಂದುಕೊಂಡಿದ್ದವಳು. ನಮ್ಮ ಮಳೆ ಬಂದ ನೆಂಟರ ಹಾಗೆ, ತಿಂಗಳುಗಟ್ಟಲೆ ಹೊರಡುವುದಿಲ್ಲ. ದೊಡ್ಡಬಳ್ಳಾಪುರದ ಈ ಕಡೆ ಬೇಸಿಗೆಯ ಮಳೆ ಜಗಳಕ್ಕೆಂದೇ ಬಂದು, ಅರ್ಧ ಗಂಟೆಯಲ್ಲಿ ಮುರಿಯುವುದನ್ನೆಲ್ಲ ಮುರಿದು ಹೋಗುತ್ತದೆ. ನಮ್ಮವರಿಗೆ ಇಲ್ಲಿಯ ಕಾರ್ಖಾನೆಯಲ್ಲಿ ಬಾಯ್ಲರ್ ಕೆಲಸ. ಮನೆ ಬಾಡಿಗೆಗೆ ಕೊಡುವಾಗ ಮುನಿರತ್ನಮ್ಮ ಹೇಳಿದ್ದು ಒಂದೇ ಮಾತು: "ಕೋಳಿ ಮಾಡ್ಕೊ, ಮಟನ್ ಮಾಡ್ಕೊ. ಮೀನು ಮಾತ್ರ ಹಿತ್ಲಲ್ಲಿ ಕಣಮ್ಮ, ಆ ವಾಸ್ನೆ ನಂಗಾಗಲ್ಲ."

ಹಿತ್ತಿಲಲ್ಲಿ ನಾನು ಕಟ್ಟಿದ್ದೆಲ್ಲ ಬಿಚ್ಚುವಂಥದ್ದೇ. ನಟ್ಟು ಬೋಲ್ಟಿನ ಪೈಪು, ಮೇಲೆ ಹಸಿರು ಫೈಬರ್ ಶೀಟು, ಪ್ಲೈವುಡ್ಡಿನ ಕಟ್ಟೆ. ನಮ್ಮವರಿಗೆ ಕಾರ್ಖಾನೆಯ ಕರಾವಳಿ ಘಟಕಕ್ಕೆ ವರ್ಗ ಸಿಕ್ಕ ದಿನ ಎಲ್ಲವನ್ನೂ ಬಿಚ್ಚಿ ಲಾರಿಗೆ ಹಾಕುವುದೆಂದು ಲೆಕ್ಕ. ನಮ್ಮ ಕಡೆ ಬಾಡಿಗೆ ಮನೆಗೆ ಬಿಡಾರ ಎನ್ನುತ್ತೇವೆ. ಬಿಡಾರದಲ್ಲಿ ಗೋಡೆಗೆ ಮೊಳೆ ಹೊಡೆಯುವಾಗಲೂ ಎರಡು ಸಲ ಯೋಚಿಸುವ ಜನ ನಾವು.

ಆಲಿಕಲ್ಲಿನ ನಂತರ ಮನೆಯಲ್ಲಿ ಬರೀ ಸೊಪ್ಪು, ಕಾಳು. ನನಗೆ ಕೂತಲ್ಲಿ ಕೂರಲಾಗದ ಚಡಪಡಿಕೆ, ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು. ಊರಿನಿಂದ ದೂರವಿದ್ದದ್ದು ನಿಜಕ್ಕೂ ನೋಯಿಸಿದ್ದು ಆಗಲೇ. ತಡೆಯಲಾರದೆ ಪೇಟೆಯ ಶೀಟಿನ ಅಂಗಡಿಗೆ ಹೋದೆ. ಅಂಗಡಿಯ ರಹಮತ್ ಭಾಯಿ ನಿಧಾನಸ್ಥರು.

"ಜಿಂಕ್ ಶೀಟು ಒಡೆಯಲ್ಲಮ್ಮಾ, ತಗ್ಗು ಬೀಳ್ತದೆ ಅಷ್ಟೆ. ಆದ್ರೆ ಗಾಳಿ ಬಂದ್ರೆ ಹಾರ್ಕೊಂಡು ಹೋಗ್ತದೆ. ಸಿಮೆಂಟ್ ಶೀಟು ಗಾಳಿಗೆ ನಿಲ್ತದೆ, ಕಲ್ಲಿಗೆ ಬಿರುಕು ಬಿಡ್ತದೆ."

"ಮತ್ತೆ ಹೆಂಚು?" ಎಂದೆ, ತವರಿನ ಹೆಸರೆತ್ತಿದ ಹುರುಪಿನಲ್ಲಿ.

"ಹೆಂಚು ನಿಮ್ಮೂರಿಗೆ ಸರಿ. ಇಲ್ಲಿ ಕೋತಿ ಬಿಟ್ರೂ ಆಲಿಕಲ್ಲು ಬಿಡಲ್ಲ."

ಬರಿಗೈಯಲ್ಲಿ ಬಂದೆ. ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ಮುನಿರತ್ನಮ್ಮ ಕೈ ನಿಲ್ಲಿಸದೆಯೇ ಹೇಳಿದರು: "ದ್ರಾಕ್ಷಿ ತೋಟ ತೆಗ್ಸಿದ್ಮೇಲೆ ನಮ್ ಕಲ್ಲುಕಂಬ ಅಂಗೇ ಬಿದ್ದವೆ. ನಾಕು ನೆಡ್ಸಿ ಮೇಲೆ ಚಪ್ಪಡಿ ಹೊದಿಸ್ಬಿಡು. ನಿನ್ ಮೊಮ್ಮಕ್ಳು ಬಂದು ಮೀನು ಸುಟ್ರೂ ಅಲ್ಲಾಡಲ್ಲ."

ಮೊಮ್ಮಕ್ಕಳೇ? ಇಲ್ಲೇ? ನನಗೆ ಮೈಯೆಲ್ಲ ಉರಿಯಿತು. "ನಾವು ಹೋಗೋರು ಅಕ್ಕ, ಕಲ್ಲನ್ನ ಹೊತ್ಕೊಂಡು ಹೋಗ್ಲಿಕ್ಕಾಗ್ತದಾ?" ಎಂದು ಒರಟಾಗಿಯೇ ಕೇಳಿದೆ.

"ಹೋಗೋರು ಹೋಗ್ತಾರೆ. ಇರೋಗಂಟ ತಲೆ ಮೇಲೆ ಬೀಳ್ದಂಗಿರ್ಬೇಕಲ್ವಾ?"

ಕೊನೆಗೆ ಒಪ್ಪಿದೆ. ಸೋತದ್ದು ಅವರ ಮಾತಿಗೋ ಮೀನಿನ ಆಸೆಗೋ, ಇವತ್ತಿಗೂ ಗೊತ್ತಿಲ್ಲ. ಅದೇ ವಾರ ಆಳುಗಳು ಬಂದು ಕಂಬ ನೆಟ್ಟರು. ಚಪ್ಪಡಿಗಳನ್ನು ಹಗ್ಗ ಕಟ್ಟಿ ಏರಿಸಿದರು. ಒಲೆಯ ಕಟ್ಟೆಗೂ ಕಲ್ಲೇ, ಸಂದಿಗೆ ಸಿಮೆಂಟು. ಗಾಜಿನ ಒಲೆ ಹೋಗಿ ಸ್ಟೀಲಿನದು ಬಂತು. ಹಸಿ ಸಿಮೆಂಟಿಗೆ ಗೋಣಿ ಹೊದಿಸಿ ಬೆಳಿಗ್ಗೆ ಸಂಜೆ ನೀರು ಹಾಕುವ ಕೆಲಸ ನನ್ನದು. ಆ ಕಲ್ಲನ್ನು ಮುಟ್ಟಿದಾಗೆಲ್ಲ ಸಂತೋಷವಾಗುತ್ತಿತ್ತು, ಹಿಂದೆಯೇ ಭಯವೂ ಆಗುತ್ತಿತ್ತು. ಊರಿಗೆ ಏನೋ ದ್ರೋಹ ಮಾಡಿದೆನೆಂಬ ಭಯ.

ಮೂರನೆಯ ದಿನವೋ ಏನೋ, ನಮ್ಮವರು ಶಿಫ್ಟು ಮುಗಿಸಿ ನೇರ ಹಿತ್ತಿಲಿಗೇ ಬಂದರು. ಮುಖ ಅರಳಿತ್ತು.

"ಆಯ್ತೇ, ಟ್ರಾನ್ಸ್‌ಫರ್ ಆಯ್ತು! ಮಳೆಗಾಲದೊಳಗೆ ಊರ ಕಡೆ ಹೋಗ್ವಾ?"

ಎಷ್ಟು ವರ್ಷ ಕಾದ ಮಾತದು. ಹೂಂ ಎನ್ನಬೇಕೆಂದೇ ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆ:

"ಮೊದ್ಲು ಈ ಸಿಮೆಂಟು ಗಟ್ಟಿಯಾಗ್ಲಿ."

ಅವರು ನನ್ನನ್ನು ಒಮ್ಮೆ, ಕಲ್ಲನ್ನು ಒಮ್ಮೆ ನೋಡಿ ಒಳಗೆ ಹೋದರು. ಆಮೇಲೆ ಆ ಮಾತನ್ನು ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ. ವರ್ಗ ಒಪ್ಪುತ್ತೇವೋ ಬಿಡುತ್ತೇವೋ ಎಂದು ಕಚೇರಿಗೆ ಉತ್ತರ ಕೊಡುವ ದಿನ ಹತ್ತಿರವಾಗುತ್ತಿದೆ. ಸಿಮೆಂಟು ಗಟ್ಟಿಯಾಗಿ ಎಷ್ಟೋ ದಿನವಾಯಿತು. ನಾನು ಬೆಳಿಗ್ಗೆ ಎದ್ದು ಇನ್ನೂ ನೀರು ಹಾಕುತ್ತಲೇ ಇದ್ದೇನೆ.