ಉಬ್ಬೆ ನೀರಲ್ಲಿ ತೊಳೆದ ಗಾಲಿ

ದಂಡಿಗನಹಳ್ಳಿಯ ಚಲುವಯ್ಯನ ಮನೆಯಲ್ಲಿ ಗೋಡೆ ಗಡಿಯಾರ ಇರಲಿಲ್ಲ. ಮಗ ಹಾಸನದಿಂದ ಒಂದನ್ನು ತಂದು ಆಸೆಪಟ್ಟು ಮೊಳೆಗೆ ನೇತುಹಾಕಿದ್ದನಂತೆ. ಬೆಳಗಾಗುವಷ್ಟರಲ್ಲಿ ಅದು ಹುಲ್ಲಿನ ಮೆದೆಯೊಳಗೆ ಸೇರಿತ್ತು. ಟಕ್ ಟಕ್ ಅನ್ನುವ ಸದ್ದು ಕಿವಿಗೆ ಬಿದ್ದರೆ ಚಲುವಯ್ಯನಿಗೆ ಅನ್ನ ಇಳಿಯುತ್ತಿರಲಿಲ್ಲ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಊರವರು ನಗುತ್ತಿದ್ದರು. ನಗುವವರಿಗೇನು, ಹಲ್ಲಿದ್ದರೆ ಸಾಕು. ಆ ಸದ್ದು ಏನೆಂದು ನನಗೆ ಗೊತ್ತು. ನಾನು ಹುಟ್ಟಿದ್ದೇ ಆ ಸದ್ದಿನ ದಿನ.

ಚಲುವಯ್ಯನದು ಬಾಡಿಗೆ ಗಾಡಿ ಹೊಡೆಯುವ ಮನೆತನ. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ನಮ್ಮ ತಾತ, ಅಂದರೆ ಅಮ್ಮನ ಅಪ್ಪ, ಪಂಚಾಕ್ಷರಯ್ಯನವರ ಸರಕನ್ನು ಅವನೇ ಸಾಗಿಸುತ್ತಿದ್ದ. ಮೈಸೂರಿನಲ್ಲಿ ಯಾರೋ ಸಾಹೇಬರು ಓಡಿಸಿ ಬಿಟ್ಟ ಹಳೇ ಕಾರನ್ನು ತಾತ ಕೊಂಡಾಗ ಇವನನ್ನೇ ಅಲ್ಲಿಗೆ ಕಳಿಸಿ ಡ್ರೈವರ್ ಕೆಲಸ ಕಲಿಸಿದರು. ಎತ್ತಿನ ಬಾಲ ತಿರುಚುವವನ ಕೈಗೆ ಕಾರು ಕೊಟ್ಟರಲ್ಲಪ್ಪ ಎಂದು ಪೇಟೆಯವರು ಆಡಿಕೊಂಡರು. ಆರು ತಿಂಗಳಲ್ಲಿ ಅವರ ಬಾಯಿ ಮುಚ್ಚಿತು. ಅಷ್ಟು ಚೆನ್ನಾಗಿ ಓಡಿಸುತ್ತಿದ್ದ. ಆದರೆ ಬಲು ಅಂಜುಕುಳಿ. ತಾತ ಒಳಗೆ ಕೆಮ್ಮಿದರೆ ಇವನು ಹೊರಗೆ ಎದ್ದು ನಿಲ್ಲುತ್ತಿದ್ದ. ತಾತನೇನೂ ಸಾಮಾನ್ಯರಲ್ಲ ಬಿಡಿ, ಅವರಿಗೆ ಮಾತಿಗಿಂತ ಕೈ ಮುಂದು.

ಆ ಕಾರಿನ ಗಾಲಿಗಳು ಈಗಿನಂತೆ ಕಬ್ಬಿಣದವಲ್ಲ. ರಬ್ಬರ್ ಟೈರಿನೊಳಗೆ ನಡುವಿನ ಗುಂಬದಿಂದ ಸುತ್ತಲೂ ಚಾಚಿದ ದಪ್ಪ ಮರದ ಅರಗಳು, ಮೇಲೆ ಜೇನಿನ ಬಣ್ಣದ ವಾರ್ನಿಷ್. ಕೊಂಡಾಗ ಹೊಳೆಯುತ್ತಿದ್ದವು. ನಮ್ಮ ಕಡೆಯ ಕೆಮ್ಮಣ್ಣು, ಸಗಣಿ, ಗಾಡಿಗಳು ದಾರಿಯುದ್ದಕ್ಕೂ ಸುರಿಸಿದ ಕೀಲೆಣ್ಣೆ ಎಲ್ಲ ಸೇರಿ ಎರಡು ವರ್ಷದಲ್ಲಿ ಸುಟ್ಟ ಕಟ್ಟಿಗೆಯ ಹಾಗಾದವು.

ನಮ್ಮಮ್ಮ ನೀಲಾಂಬಿಕೆ ಬಸುರಿಯಾದಳು. ಸೀಮಂತಕ್ಕೆ ಅರಕಲಗೂಡಿನಿಂದ ಬೀಗರನ್ನು ಕಾರಿನಲ್ಲೇ ಕರೆತರಬೇಕು, ಗಾಲಿ ಫಳಫಳ ಅನ್ನಬೇಕು ಎಂದು ತಾತ ಅಪ್ಪಣೆ ಮಾಡಿದರು. ಚಲುವಯ್ಯ ಮೊದಲು ಒಲೆ ಬೂದಿ ಹಾಕಿ ತಿಕ್ಕಿದ. ಮಣ್ಣು ಹೋಯಿತು, ಜಿಡ್ಡು ಹೋಗಲಿಲ್ಲ. ಹಿತ್ತಾಳೆಗೆ ಆಗುವುದು ಮರಕ್ಕೂ ಆದೀತೆಂದು ಹುಣಸೆಹಣ್ಣು ಹಚ್ಚಿದ. ನೊಣ ಮುತ್ತಿದ್ದೇ ಬಂತು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ. ಜಿಡ್ಡು ಕರಗಿ ಪಕ್ಕಕ್ಕೆ ಹರಡಿಕೊಂಡಿತು. ಹೆಂಡತಿ ಪುಟ್ಟತಾಯಮ್ಮ ಅಂಟುವಾಳದ ನೊರೆಯಲ್ಲಿ ಮೆತ್ತಗೆ ತೊಳೆದು ಹರಳೆಣ್ಣೆ ಸವರು ಅಂದಳು. ಅಂಟುವಾಳದಲ್ಲಿ ದಿನಕ್ಕೊಂದು ಗಾಲಿಯೂ ಆಗುತ್ತಿರಲಿಲ್ಲ. ಸೀಮಂತ ನಾಳಿದ್ದು. ತಾತ ಬಾಗಿಲಿಗೆ ಬಂದು ಬಂದು ನೋಡಿ ಹೋಗುತ್ತಿದ್ದರು.

ಕೊನೆಗೆ ಅವನು ಅಗಸರ ಚೆನ್ನಯ್ಯನ ಹತ್ತಿರ ಹೋಗಿ ಉಬ್ಬೆಯ ನೀರು ತಂದ. ಚೌಳು ಮಣ್ಣೂ ಸುಣ್ಣವೂ ಸೇರಿ ಕುದ್ದ ನೀರು ಅದು, ಎಂಥ ಕೊಳೆ ಬಟ್ಟೆಯನ್ನೂ ಬೆಳ್ಳಗೆ ಮಾಡುತ್ತದೆ. ಬಿಸಿಬಿಸಿ ಸುರಿದು ತೆಂಗಿನ ನಾರಿನಲ್ಲಿ ಉಜ್ಜಿದ. ಕೊಳೆ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತು. ಅದರ ಜೊತೆಗೆ ವಾರ್ನಿಷೂ ಹೋಯಿತು, ಮರ ಕುಡಿದಿದ್ದ ಎಣ್ಣೆಯೂ ಹೋಯಿತು. ಆಗ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಗಾಲಿ ಈಗ ತಾನೇ ಕೆತ್ತಿದ ಹಾಗೆ ಬೆಳ್ಳಗಿತ್ತು. ಬೀಗರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ತಾತ ಜನ್ಮದಲ್ಲಿ ಮೊದಲ ಸಲ ಚಲುವಯ್ಯನನ್ನು ಹೊಗಳಿದರು.

ಬಿಸಿಲು ಏರಿತು. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಮಾರುಕಟ್ಟೆಯ ತಿರುವಿನಲ್ಲಿ ಅವನಿಗೆ ಆ ಸದ್ದು ಕೇಳಿಸಿತು. ಟಕ್. ಗಾಡಿಯವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮರ ಒಣಗಿ ಕುಗ್ಗಿದಾಗ ಅರ ಗುಂಬದೊಳಗೆ ಅಲುಗಾಡುವ ಸದ್ದು ಅದು. ಹಾಗೇ ಬಿಟ್ಟರೆ ಅರಗಳು ಒಂದೊಂದೇ ಸಡಿಲಗೊಂಡು ಗಾಲಿ ಕುಸಿದು ಕೂರುತ್ತದೆ. ಅವತ್ತು ಮನೆಗೆ ಬಂದವನು ಮುದ್ದೆ ಮುಟ್ಟಲಿಲ್ಲವಂತೆ.

ಗಾಡಿಯವರು ಮಾಡುವುದನ್ನೇ ಅವನೂ ಮಾಡಿದ. ಗಾಡಿಯ ಗಾಲಿ ಒಣಗಿದರೆ ಕೆರೆಯಲ್ಲಿ ನೆನೆಹಾಕುತ್ತಾರೆ, ಮರ ಉಬ್ಬಿ ಬಿಗಿಯಾಗುತ್ತದೆ. ಇವನು ದಿನಾ ಸಂಜೆ ಕಾರನ್ನು ಕೆರೆಯಂಚಿನ ನೀರಿಗಿಳಿಸಿ ಕತ್ತಲಾಗುವವರೆಗೂ ತೊಳೆಯುವವನ ಹಾಗೆ ನಟಿಸುತ್ತಿದ್ದ. ಬೆಳಿಗ್ಗೆ ಸದ್ದಿರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಟಕ್. ಎಣ್ಣೆ ಕಳೆದುಕೊಂಡ ಮರ ನೆಂದು ಒಣಗಿ, ಮತ್ತೆ ನೆಂದು ಒಣಗಿ ಇನ್ನಷ್ಟು ಸಡಿಲವಾಯಿತು. ಪೇಟೆಯವರೋ, ಕಾರನ್ನು ದೇವರ ಹಾಗೆ ನೋಡಿಕೊಳ್ಳುತ್ತಾನೆ ಕಣ್ರೀ ಎಂದು ಹಾಡಿ ಹೊಗಳಿದರು. ಹೊಗಳಿದಷ್ಟೂ ಅವನ ಬಾಯಿ ಕಟ್ಟಿತು. ಸಾವ್ಕಾರರಿಗೆ ಹೇಳಿಬಿಡು ಎಂದು ಪುಟ್ಟತಾಯಮ್ಮ ದಿನಾ ಗೋಗರೆದಳು. ನಾಳೆ ಹೇಳುತ್ತೇನೆ ಅನ್ನುತ್ತಿದ್ದ.

ಯುಗಾದಿ ಕಳೆದು ಅಮ್ಮನಿಗೆ ನೋವು ಶುರುವಾಯಿತು. ಒಂದು ಹಗಲು, ಒಂದು ರಾತ್ರಿ ಕಳೆದರೂ ಹೆರಿಗೆಯಾಗಲಿಲ್ಲ. ಮಗು ಅಡ್ಡ ತಿರುಗಿದೆ, ನನ್ನ ಕೈ ಮೀರಿತು, ಹಾಸನದ ಆಸ್ಪತ್ರೆಗೆ ಒಯ್ಯಿರಿ ಎಂದು ಸೂಲಗಿತ್ತಿ ಕಾಮಾಕ್ಷಮ್ಮ ಕೈ ಮುಗಿದಳು. ತಾತ ಒಪ್ಪಲಿಲ್ಲ. ನಮ್ಮ ಮನೆ ಹೆಣ್ಣುಮಗಳನ್ನು ಪರಗಂಡಸು ಡಾಕ್ಟರು ಮುಟ್ಟುವುದೇ ಎಂದು ಕೂಗಾಡಿದರು. ಅಜ್ಜಿ ಶಿವಗಂಗಮ್ಮ ಕಾಲು ಹಿಡಿದು ಅತ್ತ ಮೇಲೆ ಅರೆಮನಸ್ಸಿನಲ್ಲಿ ಹೂಂ ಅಂದಾಗ ಸೂರ್ಯ ನೆತ್ತಿಗೆ ಬಂದಿದ್ದ. ಬಸ್ಸು ಬೆಳಿಗ್ಗೆಯೇ ಹೋಗಿತ್ತು. ಬಿಸಿಲಲ್ಲಿ ನಿಂತ ಕಾರಿನ ಗಾಲಿಗಳು ಸೌದೆಯ ಹಾಗೆ ಒಣಗಿದ್ದವು.

ಹೇಳಬೇಕೆಂದು ಚಲುವಯ್ಯ ತಾತನ ಮುಂದೆ ಹೋಗಿ ನಿಂತನಂತೆ. "ಇನ್ನೂ ಯಾಕ್ಲಾ ನಿಂತಿದ್ದೀ?" ಅಂದರು ಅವರು. ಅಷ್ಟೇ, ಬಾಯಿಗೆ ಬಂದದ್ದು ಒಳಕ್ಕೆ ಹೋಯಿತು. ಹೋಗಿ ಕಾರಿನ ಮೂತಿಯ ಹ್ಯಾಂಡಲ್ ತಿರುಗಿಸಿ ಇಂಜಿನ್ ಶುರು ಮಾಡಿದ.

ಮುಂದೆ ತಾತ, ಹಿಂದೆ ಅಜ್ಜಿಯ ತೊಡೆಯ ಮೇಲೆ ಅಮ್ಮ. ಊರು ದಾಟುವಾಗ ಶುರುವಾದ ಸದ್ದು ನಿಲ್ಲಲಿಲ್ಲ. ಗುಂಡಿ ಬಂದರೆ ಜೋರು, ತಿರುವು ಬಂದರೆ ಇನ್ನೂ ಜೋರು. ಬೇಗ ಹೋದರೆ ಗಾಲಿ ಮುರಿಯುತ್ತದೆ, ನಿಧಾನ ಹೋದರೆ ಹಿಂದೆ ಜೀವ ಹೋಗುತ್ತದೆ. ಓಡಿಸೋ ಓಡಿಸೋ ಎಂದು ತಾತ ಗದರುತ್ತಲೇ ಇದ್ದರು. ಎದುರಿಗೆ ಗಾಡಿ ಬಂದರೆ ಚಲುವಯ್ಯನಿಗೆ ಪಕ್ಕಕ್ಕೆ ಸರಿಯಲೂ ಭಯ. ಪ್ರತಿ ಟಕ್ಕಿಗೂ ಈಗ ಮುರಿಯಿತು, ಈಗ ಮುರಿಯಿತು ಎಂದು ಬಗ್ಗಿ ಗಾಲಿಯ ಕಡೆ ನೋಡುತ್ತಿದ್ದನಂತೆ.

ಶಾಂತಿಗ್ರಾಮಕ್ಕಿಂತ ಮೊದಲು ದಾರಿಯ ಪಕ್ಕದಲ್ಲೊಂದು ನೀರಿನ ಕಟ್ಟೆ ಸಿಕ್ಕಿತು. ಇಂಜಿನ್ ಕಾದಿದೆ, ನೀರು ಹಾಕಬೇಕು ಎಂದು ಸುಳ್ಳು ಹೇಳಿ ನಿಲ್ಲಿಸಿದ. ತಾತ ಬೈಯುತ್ತಾ ಇಳಿದು ಮರದಡಿಗೆ ಹೋದರು. ಅಜ್ಜಿ ಬಟ್ಟೆ ಒದ್ದೆ ಮಾಡಿಕೊಂಡು ಬರಲು ನೀರಿಗಿಳಿದರು. ಚಲುವಯ್ಯ ಗೋಣಿಚೀಲ ಹರಿದು ನೆನೆಸಿ ಅರಗಳಿಗೆ ಬಿಗಿಯಾಗಿ ಸುತ್ತತೊಡಗಿದ. ಒದ್ದೆ ಗೋಣಿ ಜಾರಿ ಗಂಟು ನಿಲ್ಲುತ್ತಿರಲಿಲ್ಲ. ಇನ್ನು ಆಗುವುದಿಲ್ಲ, ಸಾವ್ಕಾರರಿಗೆ ಹೇಳಿಬಿಡುತ್ತೇನೆ ಎಂದು ಎದ್ದವನನ್ನು ಕಾರಿನೊಳಗಿನಿಂದ ಅಮ್ಮ ಕರೆದಳು.

"ಚಲುವಣ್ಣ, ಆ ಸದ್ದು ನಂಗೂ ಕೇಳುಸ್ತಾ ಐತೆ."

ಅವನು ಕಾರಿನ ಬಾಗಿಲ ಹತ್ತಿರ ಬಂದ.

"ಗಾಲಿ ತಾನೆ? ಬಾಯಿ ಬಿಡಬ್ಯಾಡ. ಅಪ್ಪಾಜಿಗೆ ಗೊತ್ತಾದ್ರೆ ಇದೇ ನೆಪ ಮಾಡ್ಕೊಂಡು ವಾಪಸ್ ತಿರುಗ್ಸು ಅಂತಾರೆ. ತಿರುಗಿದ್ರೆ ನಾನು ಉಳಿಯಾಕಿಲ್ಲ ಕಣಣ್ಣ. ನಿನ್ ದಮ್ಮಯ್ಯ, ಓಡ್ಸು."

ಅವನು ಮತ್ತೆ ಗಾಲಿಗೆ ಬಗ್ಗಿದ. ಗಂಟು ಹಾಕಿ ಬಂದು ಕೂತ. ಅದೇನು ಗಾಲಿಗೆ ಗೋಣಿ ಎಂದು ತಾತ ಕೇಳಿದಾಗ ಟೈರು ಕಾದಿದೆ ಅಂದ. ಅಲ್ಲಿಂದ ಹಾಸನದವರೆಗೆ ಆ ಕಾರಿನಲ್ಲಿ ಇಬ್ಬರು ಒಂದೇ ಸದ್ದನ್ನು ಕೇಳುತ್ತಾ, ಒಬ್ಬರಿಗೊಬ್ಬರು ಏನೂ ಹೇಳದೆ ಕೂತಿದ್ದರು. ನೋವು ಬಂದಾಗಲೂ ಅಮ್ಮ ಕಿರುಚಲಿಲ್ಲವಂತೆ. ಕಿರುಚಿದರೆ ಸದ್ದು ಕೇಳಿಸುವುದಿಲ್ಲ, ಕೇಳಿಸದಿದ್ದರೆ ಇನ್ನೂ ಹೆದರಿಕೆ.

ಆಸ್ಪತ್ರೆಯ ಗೇಟಿನೊಳಗೆ ಹೋಗುವವರೆಗೂ ಗಾಲಿ ತಡೆಯಿತು. ಹೇಗೆ ತಡೆಯಿತೋ ಆ ಶಿವನೇ ಬಲ್ಲ. ಸಂಜೆ ಡಾಕ್ಟರು ಹೊರಗೆ ಬಂದು ಹೆಣ್ಣು ಮಗು, ತಾಯಿಯೂ ಉಳಿದಳು ಎಂದರು. ಪರಗಂಡಸು ಎಂದು ಹಾರಾಡಿದ್ದ ತಾತ ಅದೇ ಡಾಕ್ಟರ ಎರಡೂ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಚಲುವಯ್ಯನ ಹತ್ತಿರ ಬಂದು ಬೆನ್ನು ತಟ್ಟಿದರು. ಗಾಲಿಯೆಲ್ಲ ಧೂಳಾಗಿದೆ, ಸೀಮಂತಕ್ಕೆ ಅದೇನೋ ಹಾಕಿ ತೊಳೆದೆಯಲ್ಲ, ಅದರಲ್ಲೇ ತೊಳೆದಿಡು, ನನ್ನ ಮೊಮ್ಮಗಳು ಹೊಳೆಯುವ ಕಾರಿನಲ್ಲಿ ಮನೆಗೆ ಬರಬೇಕು ಎಂದರು.

ಹುಟ್ಟಿದಾಗಿನಿಂದ ಹೆದರಿಕೊಂಡೇ ಬಂದವನು ಅವತ್ತು ತಾತನ ಕೈ ಹಿಡಿದ. ಹಿಡಿದು ಗೋಣಿ ಬಿಚ್ಚಿ, ಆ ಕೈಯನ್ನು ಒಂದು ಅರದ ಮೇಲಿಟ್ಟು ಅಲುಗಾಡಿಸಿದ. ಅದು ಬಾಯೊಳಗಿನ ಮುದಿ ಹಲ್ಲಿನ ಹಾಗೆ ಅಲುಗಾಡಿತು.

"ಈ ಗಾಲಿ ಸತ್ತೋಗೈತೆ ಸಾವ್ಕಾರ್ರೇ. ಉಬ್ಬೆ ನೀರು ಹುಯ್ದು ನಾನೇ ಕೊಂದೆ. ಇದ್ರಾಗೆ ಮಗೀನ ಕೂರುಸ್ಬ್ಯಾಡಿ."

ತಾತ ಆ ಅರವನ್ನೇ ನೋಡುತ್ತಾ ನಿಂತರು. ಅಷ್ಟು ದೂರ ಇದರ ಮೇಲೇ ಬಂದೆವು ಎನ್ನುವುದು ತಲೆಗೆ ಇಳಿಯುವುದಕ್ಕೆ ಹೊತ್ತು ಹಿಡಿಯಿತು. ಇಳಿದ ಮೇಲೆ ಚಲುವಯ್ಯನ ಕಡೆ ತಿರುಗಿದರು.

"ಗೊತ್ತಿದ್ದೂ ನನ್ ಮಗಳ್ನ ಕೂರ್ಸಿದ್ಯೇನ್ಲಾ? ಇನ್ಯಾರ್ಗೆ ಗೊತ್ತಿತ್ತು?"

"ಯಾರ್ಗೂ ಇಲ್ಲ. ನನ್ನೊಬ್ಬಂಗೇಯ."

ಕೆನ್ನೆಗೆ ಬಿದ್ದ ಏಟು ಆಸ್ಪತ್ರೆಯ ಜಗಲಿಯವರೆಗೂ ಕೇಳಿಸಿತಂತೆ. ಅವತ್ತೇ ಕೆಲಸ ಹೋಯಿತು. ಅವನು ಹಾಸನದಿಂದ ದಂಡಿಗನಹಳ್ಳಿಗೆ ನಡೆದುಕೊಂಡೇ ಹೋದ.

ಅಮ್ಮ ಬಾಣಂತನ ಮುಗಿಯುವವರೆಗೂ ಸುಮ್ಮನಿದ್ದಳು. ನನಗೆ ಅಮ್ಮನ ಮೇಲೆ ಸಿಟ್ಟು ಬರುವುದು ಇದೊಂದಕ್ಕೇ. ಅರಕಲಗೂಡಿಗೆ, ಗಂಡನ ಮನೆಗೆ ಹೊರಡುವ ದಿನ ಧೈರ್ಯ ಮಾಡಿ ತನ್ನ ಅಪ್ಪನಿಗೆ ಎಲ್ಲ ಹೇಳಿದಳು. ತಾತ ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ತಾವೇ ದಂಡಿಗನಹಳ್ಳಿಗೆ ಹೋಗಿ, ಕಬ್ಬಿಣದ ಗಾಲಿ ಹಾಕಿಸಿದ್ದೇನೆ, ಬಾ ಎಂದು ಕರೆದರು. ಚಲುವಯ್ಯ ಕೈ ಮುಗಿದ, ಬರಲಿಲ್ಲ. ಕಾರು ಕಂಡರೆ ಮೈ ನಡುಗುತ್ತದೆ ಅಂದನಂತೆ. ಮತ್ತೆ ಎತ್ತು ಕಟ್ಟಿದ.

ರಜಕ್ಕೆ ತಾತನ ಮನೆಗೆ ಬಂದಾಗಲೆಲ್ಲ ಅಮ್ಮ ನನ್ನನ್ನು ದಂಡಿಗನಹಳ್ಳಿಗೆ ಕಳಿಸುತ್ತಿದ್ದಳು. ಅವನೇ ಗಾಡಿ ಕಟ್ಟಿಕೊಂಡು ರಸ್ತೆಗೆ ಬರುತ್ತಿದ್ದ. ನನ್ನನ್ನು ಎತ್ತಿ ಹುಲ್ಲಿನ ಮೇಲೆ ಕೂರಿಸಿ, ತಾನು ಮಾತ್ರ ಗಾಲಿಯ ಪಕ್ಕದಲ್ಲೇ ನಡೆಯುತ್ತಿದ್ದ. ಬಿಸಿಲಿದೆ, ನೀನೂ ಹತ್ತಜ್ಜ ಎಂದು ನಾನು ಹಟ ಮಾಡಿದರೆ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದ.

"ನೀನು ಕೂತ್ಕ ಅವ್ವ. ನಾನು ಗಾಲಿ ಕೇಳುಸ್ಕೊಂಡು ಬತ್ತೀನಿ."