ಅಪ್ಪನ ಎಡೆಗೆ ತಂದ ಹಾಫ್

ಆ ಬೆಳಿಗ್ಗೆ ಎದ್ದವನೇ ಮೊದಲು ಮಾಡಿದ ಕೆಲಸವೆಂದರೆ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಂಪರಿನ ಮೇಲೆ ರಕ್ತವೇನಾದರೂ ಇದೆಯೇ ಎಂದು ಹುಡುಕಿದ್ದು. ಹಿಂದಿನ ಸಂಜೆ ಯಲಹಂಕದ ಆಚೆಯ ಢಾಬಾದಲ್ಲಿ ಗೆಳೆಯರ ಜೊತೆ ಕೂತದ್ದು ನೆನಪಿತ್ತು. ಅಲ್ಲಿಂದ ಕೊಡಿಗೇಹಳ್ಳಿಯ ನಮ್ಮ ಮನೆಯವರೆಗೆ ಕಾರು ಓಡಿಸಿಕೊಂಡು ಬಂದದ್ದು ಒಂದಿಷ್ಟೂ ನೆನಪಿರಲಿಲ್ಲ. ಏರ್‌ಪೋರ್ಟ್ ರಸ್ತೆಯಲ್ಲಿ ಬಂದೆನೋ ಒಳದಾರಿ ಹಿಡಿದೆನೋ, ಅದೂ ಗೊತ್ತಿಲ್ಲ. ಕಾರು ಮಾತ್ರ ಗೇಟಿನೊಳಗೆ ನೆಟ್ಟಗೆ ನಿಂತಿತ್ತು. ಬಂಪರಿನಲ್ಲಿ ಧೂಳು ಬಿಟ್ಟರೆ ಏನೂ ಕಾಣಲಿಲ್ಲ. ಆದರೂ ಒದ್ದೆ ಬಟ್ಟೆ ತಂದು ಒರೆಸಿದೆ. ಒರೆಸಿದ ಮೇಲೆ ಬಟ್ಟೆಯನ್ನೂ ಬಿಡಿಸಿ ನೋಡಿದೆ.

ಅಪ್ಪ ಸತ್ತದ್ದು ಕುಡಿದೇ. ಐವತ್ತೆರಡಕ್ಕೆ, ಹೊಟ್ಟೆ ಊದಿಕೊಂಡು, ಕಣ್ಣು ಅರಿಶಿನವಾಗಿ. ಬಂಪರ್ ಒರೆಸಿದ ಆ ಬೆಳಿಗ್ಗೆ ನನಗೆ ನಲವತ್ತಾರು. ನಾನೂ ಅದೇ ದಾರಿ ಹಿಡಿದಿದ್ದೇನೆಯೇ ಎಂಬುದೊಂದು ನನಗೆ ಗೊತ್ತಾಗಬೇಕಿತ್ತು. ಒಂದು ತಿಂಗಳು ಮುಟ್ಟದೆ ಇದ್ದು ನೋಡುತ್ತೇನೆ ಎಂದು ತೀರ್ಮಾನಿಸಿದೆ. ಗಣೇಶನ ಹಬ್ಬ ಮುಗಿದ ವಾರವದು.

ನಮ್ಮ ರಾಗಿ ಹೊಲಗಳಿದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸುವುದು ನನ್ನ ಕಸುಬು. ಅದರಲ್ಲಿ ಕುಡಿಯಲು ಕಾರಣ ಹುಡುಕಬೇಕಾಗಿಲ್ಲ. ಪಾಯ ತೆಗೆದರೆ ಪಾರ್ಟಿ, ತಾರಸಿಗೆ ಕಾಂಕ್ರೀಟ್ ಸುರಿದು ಮೋಲ್ಡ್ ಹಾಕಿದರೆ ಪಾರ್ಟಿ, ಮಳೆ ಬಂದು ಮೋಲ್ಡ್ ನಿಂತರೆ ಬೇಜಾರಿಗೆ ಇನ್ನೊಂದು. ತಿಂಗಳು ಬಿಡುತ್ತೇನೆ ಎಂದಾಗ ಗೆಳೆಯರು ನಕ್ಕು, ಮೂರು ದಿನ ತಡೆದರೆ ಹಾರ ಹಾಕುತ್ತೇವೆ ಅಂದರು.

ಮೂರನೆಯ ದಿನ ಸೈಟಿನಲ್ಲಿ ಅಳತೆ ಟೇಪಿನ ತುದಿ ಹಿಡಿದು ನಿಂತಿದ್ದೆ. ಟೇಪು ಪಟಪಟ ಅಲ್ಲಾಡುತ್ತಿತ್ತು. ಗಾಳಿ ಇರಲಿಲ್ಲ. ಮೇಸ್ತ್ರಿ ನೋಡಿದ, ನೋಡದವನ ಹಾಗೆ ಮುಖ ತಿರುಗಿಸಿದ. ಬೆನ್ನೆಲ್ಲ ಬೆವರಿ, ನಿಂತಲ್ಲೇ ಸತ್ತುಹೋಗುತ್ತೇನೆ ಅನ್ನಿಸಿ, ನೇರ ಹೆಬ್ಬಾಳದ ಡಾಕ್ಟರೊಬ್ಬರ ಹತ್ತಿರ ಓಡಿದೆ. ದಿನಕ್ಕೆ ಎಷ್ಟು ಕುಡಿಯುತ್ತಿದ್ದೆ ಎಂದು ಕೇಳಿದರು. ನಿಜದ ಅರ್ಧ ಹೇಳಿದೆ. ಅವರು ತಲೆಯೆತ್ತದೆ ಅದರ ಎರಡರಷ್ಟು ಬರೆದುಕೊಂಡರು. ಇಷ್ಟು ಕುಡಿಯುವವರು ಯಾರನ್ನೂ ಕೇಳದೆ ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಎಂದು ಬೈದು ಮಾತ್ರೆ ಕೊಟ್ಟರು, ಎರಡು ದಿನಕ್ಕೊಮ್ಮೆ ಬಂದು ತೋರಿಸಿಕೊಳ್ಳಬೇಕು ಅಂದರು. ಬಿಟ್ಟರೂ ಸಾಯಬಹುದು ಎಂದು ಗೊತ್ತಾದ ಮೇಲೆ ನನಗೆ ಊಟ ಸೇರಲಿಲ್ಲ.

ಎರಡು ವಾರ ಕಳೆಯುವ ಹೊತ್ತಿಗೆ ಕೈ ನಡುಗುವುದು ನಿಂತಿತು, ಹಸಿವೂ ಆಯಿತು. ಗೆದ್ದೆ ಅಂದುಕೊಂಡೆ.

ಇಪ್ಪತ್ತನೆಯ ದಿನ ಮಹಾಲಯ ಅಮಾವಾಸ್ಯೆ ಬಂತು. ಅವತ್ತು ನಮ್ಮಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದೆಲ್ಲ ಬಾಳೆಲೆಗೆ ಬರಬೇಕು. ಅಪ್ಪನಿಗೆ ಮುದ್ದೆ, ಮಟನ್ ಸಾರು, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಲೋಟಕ್ಕೆ ಸುರಿಯುವವನು ಹಿರಿಮಗ. ಆಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕೂರುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಲೋಟದಲ್ಲಿದ್ದದ್ದು ಪ್ರಸಾದ, ಅದು ಹಿರಿಮಗನಿಗೆ.

ಹದಿನೆಂಟು ವರ್ಷದಿಂದ ಆ ಬಾಟಲಿ ತರುತ್ತಿರುವವನು ನಾನೇ. ಅವತ್ತೂ ತಂದೆ. ಅಪ್ಪನದು ತಾನೇ, ನನ್ನದಲ್ಲವಲ್ಲ ಎಂದು ಧೈರ್ಯವಾಗಿಯೇ ಅಂಗಡಿಗೆ ಹೋಗಿದ್ದೆ. ಎಡೆಯ ಮುಂದೆ ಕೂತು ಪೇಪರ್ ಬಿಚ್ಚಿದಾಗ ಅಮ್ಮ ಬಾಟಲಿಯನ್ನೇ ನೋಡುತ್ತಿದ್ದಳು.

"ನಿಮ್ಮಪ್ಪುಂಗೆ ಕ್ವಾರ್ಟ್ರು ತಾನೇ ಇಡೋದು? ಇದ್ಯಾಕೋ ಆಫು?"

ನನ್ನ ಕೈಯಲ್ಲಿದ್ದದ್ದು ಹಾಫ್ ಬಾಟಲಿ, ಕ್ವಾರ್ಟರಿನ ಎರಡರಷ್ಟು. ಕೌಂಟರಿನಲ್ಲಿ ಅದನ್ನು ಕೇಳಿ ತೆಗೆದುಕೊಂಡವನು ನಾನು, ಆದರೆ ಹಾಗೆ ಕೇಳಿದ್ದು ನನಗೇ ಗೊತ್ತಿರಲಿಲ್ಲ. ಇಪ್ಪತ್ತು ದಿನ ಮುಟ್ಟದವನು, ಎಚ್ಚರವಾಗಿದ್ದವನು, ಉಳಿದರ್ಧ ಯಾರಿಗೆಂದು ತಂದೆ? ಬಂಪರ್ ಒರೆಸಿದ ದಿನವೂ ನಾನು ಇಷ್ಟು ಹೆದರಿರಲಿಲ್ಲ. ಅವತ್ತು ಕುಡಿದಿದ್ದೆ ಎಂದಾದರೂ ಹೇಳಿಕೊಳ್ಳಬಹುದಿತ್ತು.

ಅಮ್ಮನೇ ಲೋಟಕ್ಕೆ ಸುರಿದಳು. ಬಾಗಿಲು ಹಾಕಿ ಹೊರಗೆ ಕೂತೆವು. ಒಳಗಿನ ವಾಸನೆ ಸಂದಿಯಲ್ಲಿ ಬರುತ್ತಿತ್ತು, ನನ್ನ ಬಾಯಲ್ಲಿ ನೀರೂರುತ್ತಿತ್ತು. ಬಾಗಿಲು ತೆಗೆದ ಕೂಡಲೇ ಅವಳು ಲೋಟವನ್ನೂ ಬಾಟಲಿಯನ್ನೂ ತೆಗೆದುಕೊಂಡು ಹಿತ್ತಲ ಬಚ್ಚಲಿಗೆ ಸುರಿದು ಬಂದಳು. ಹಿರಿಯರ ಪ್ರಸಾದವನ್ನು ನಮ್ಮ ಮನೆಯಲ್ಲಿ ಯಾರೂ ಹಾಗೆ ಚೆಲ್ಲಿದವರಲ್ಲ.

ಇನ್ನು ಹತ್ತೇ ದಿನ, ತಿಂಗಳು ತುಂಬುತ್ತದೆ ಎಂದು ನಾನು ತೊದಲಿದೆ.

"ನಿಮ್ಮಪ್ಪಾನೂ ಸ್ರಾವಣ ಪೂರ್ತಿ ಮುಟ್ತಿರ್ಲಿಲ್ಲ ಕಣೋ. ತಿಂಗ್ಳು ಬಿಟ್ಟಿದ್ನಲ್ಲ, ನಂಗೇನಾಗೈತೆ ಅಂತ ಉಳಿದ್ ಅನ್ನೊಂದು ತಿಂಗ್ಳು ಕುಡಿಯೋರು."

ಅದು ನನಗೆ ಗೊತ್ತಿತ್ತು. ಶ್ರಾವಣದ ಅಪ್ಪನನ್ನು ನೋಡಿಯೇ ನಾನು ತಿಂಗಳ ಲೆಕ್ಕ ಕಲಿತದ್ದು. ಆದರೆ ಅವಳ ಬಾಯಲ್ಲಿ ಕೇಳಿದ ಮೇಲೆ ಮೂವತ್ತೊಂದನೆಯ ದಿನ ಕಣ್ಣೆದುರು ಬಂದು ನಿಂತಿತು. ಹೆದರಿಕೆಯಾಗುತ್ತಿದೆ ಎಂದು ಅಮ್ಮನಿಗೆ ಹೇಳಿಬಿಟ್ಟೆ. ಬುದ್ಧಿ ಬಂದ ಮೇಲೆ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅವಳು ನನ್ನ ಎಲೆಗೆ ಮುದ್ದೆ ಇಟ್ಟು, ಸಾರು ಬಿಟ್ಟಳು.

"ನಿಮ್ಮಪ್ಪುಂಗೆ ಒಂದಿನಾನೂ ಎದ್ರಿಕೆ ಆಗ್ಲಿಲ್ಲ," ಅಂದಳು.